ಮೆಟ್ಟಿಲ ತಿರುವಿನ ಪೆಟ್ಟಿಗೆಗೆ, ಕೆಟ್ಟುಹೋಗಲು ಕೋರಿ

ಮೆಟ್ಟಿಲ ತಿರುವಿನ ಗೋಡೆಯಲ್ಲಿ ಹಸಿರು ದೀಪ ಮಿನುಗಿಸುತ್ತ ವಿರಾಜಮಾನರಾಗಿರುವ ಶ್ರೀಮಾನ್ ನೆಟ್‌ವರ್ಕ್ ಪೆಟ್ಟಿಗೆಯವರ ಸನ್ನಿಧಿಗೆ, ಮೇಲಿನ ಮಹಡಿಯಲ್ಲಿ ಪುಟ ಕಟ್ಟುವವಳ ಅನಂತ ನಮಸ್ಕಾರಗಳು.

ಮಾನ್ಯರೇ, ತಮ್ಮ ಮೇಲೆ ನನ್ನದೊಂದು ದೂರಿದೆ: ತಾವು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದೀರಿ. ನಮ್ಮ ಮುದ್ರಣಾಲಯದಲ್ಲಿ ನಾನು ಮೇಲೆ, ಯಂತ್ರ ಓಡಿಸುವ ನನ್ನಣ್ಣ ಕೆಳಗೆ. ತಮ್ಮ ಆಗಮನಕ್ಕೆ ಮುಂಚೆ ವೈರ್‌ಲೆಸ್ ಸಾಕೆಂದು ನಾನೂ, ತಂತಿಯೇ ಆಗಬೇಕೆಂದು ಅವನೂ ಹಟ ಹಿಡಿದು, "ಗಾಳೀಲಿ ಕಳಿಸಿದ್ದನ್ನ ಗಾಳೀಲೇ ಹುಡುಕ್ಕೋ" ಎಂದು ಅವನು ಅಂದದ್ದಕ್ಕೆ ಮುಖ ಊದಿಸಿಕೊಂಡು ಮೇಲೆ ಹತ್ತಿದವಳು ನಾನು. ಇಂದಿಗೂ ನಮ್ಮಲ್ಲಿ ಮಾತಿಲ್ಲ.

ವೈರ್‌ಲೆಸ್‌ನವರು ಎಲ್ಲಿ ಕೂತರೂ ಸಿಗುತ್ತಾರೆ ನಿಜ, ಆದರೆ ದಪ್ಪ ಗೋಡೆ ಕಂಡರೆ ಸುಸ್ತಾಗಿ ಕೂತುಬಿಡುತ್ತಾರೆ. ಬ್ಲೂಟೂತ್‌ನವರು ಕೋಣೆಯ ಹೊಸ್ತಿಲು ದಾಟುವವರಲ್ಲ. ಇನ್ನು ಇಂಟರ್ನೆಟ್ಟಿನವರ ಧಾರಾಳತನ ಕೇಳಬೇಕೆ: ಕೆಳಗಿನ ಕೋಣೆಗೆ ಹೋಗಬೇಕಾದ ಮದುವೆ ಪತ್ರಿಕೆಯನ್ನು ಸಮುದ್ರದಾಚೆ ಸುತ್ತಾಡಿಸಿ ತಂದು ಇಳಿಸುತ್ತಾರೆ. ತಾವು ಮಾತ್ರ ಒಂದು ತಂತಿಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಅಣ್ಣನನ್ನೂ ಹಿಡಿದುಕೊಂಡು, ನಾನು ಬೆರಳೆತ್ತುವಷ್ಟರಲ್ಲಿ ಫೈಲು ತಲುಪಿಸಿರುತ್ತೀರಿ. ಇಷ್ಟು ದಕ್ಷರು ನಡುವೆ ಇರುವಾಗ ಒಡಹುಟ್ಟಿದವರು ಮುಖ ನೋಡಿಕೊಳ್ಳುವ ಅಗತ್ಯವಾದರೂ ಏನು?

ಹೋದ ವಾರ ತಾವು ಕೆಟ್ಟಿರಲ್ಲ, ಆ ಉಪಕಾರವನ್ನು ಹೇಗೆ ಮರೆಯಲಿ! ನಾನು ಪೆನ್‌ಡ್ರೈವ್ ಹಿಡಿದು ಇಳಿಯುವುದಕ್ಕೂ, ಅಣ್ಣ ಶಾಯಿ ಮೆತ್ತಿದ ಕೈಯಲ್ಲಿ ಪ್ರೂಫ್ ಹಾಳೆ ಹಿಡಿದು ಹತ್ತುವುದಕ್ಕೂ ಸರಿಹೋಗಿ, ದೀಪವಾರಿದ ತಮ್ಮ ಕೆಳಗೇ ಎದುರಾದೆವು. ಅವನ ಕನ್ನಡಕದ ಕಡ್ಡಿ ಮುರಿದು, ಅದಕ್ಕೆ ದಾರ ಸುತ್ತಿಕೊಂಡಿದ್ದ. ಯಾವಾಗ ಮುರಿಯಿತೋ, ತಾವು ಸಾಗಿಸಿದ ಅಷ್ಟು ಫೈಲುಗಳಲ್ಲಿ ಒಂದೂ ನನಗೆ ತಿಳಿಸಿರಲಿಲ್ಲ. ನನಗೆ ಅಳುವೇ ಬಂತು. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ರಿಪೇರಿಯವರು ಬಂದು ತಮ್ಮನ್ನು ಬದುಕಿಸಿಬಿಟ್ಟರು. ನಾವಿಬ್ಬರೂ ನಮ್ಮ ನಮ್ಮ ಕೋಣೆ ಸೇರಿದೆವು.

ಆದಕಾರಣ ತಾವು ದಯಮಾಡಿ ದಿನಕ್ಕೊಮ್ಮೆ, ಸಂಜೆ ಚಹಾದ ಹೊತ್ತಿಗೆ ಕೆಟ್ಟುಹೋಗಬೇಕೆಂದೂ, ರಿಪೇರಿಯವರ ಫೋನಿಗೆ ಆಗ ಸಿಗ್ನಲ್ ಸಿಗದಂತೆ ಸಂಬಂಧಪಟ್ಟವರೊಡನೆ ಮಾತಾಡಿಕೊಳ್ಳಬೇಕೆಂದೂ ವಿನಂತಿ.

ಕೆಡುವಿರೆಂಬ ತುಂಬು ಭರವಸೆಯಲ್ಲಿ,
ತಮ್ಮ ವಿಶ್ವಾಸಿ,
ಮೇಲಿನ ಮಹಡಿಯವಳು

ತಾ.ಕ.: ಇದು ಬಹಿರಂಗ ಪತ್ರ. ಅಂದಮೇಲೆ ಅಚ್ಚಾಗಬೇಕು, ಅಚ್ಚು ಹಾಕುವವನು ಅಣ್ಣ. ಬೇಸರಿಸಬೇಡಿ, ಇದನ್ನು ತಮ್ಮ ಮೂಲಕ ಕಳಿಸುತ್ತಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ನಾನೇ ಇಳಿಯುತ್ತಿದ್ದೇನೆ. ತಂತಿಯೇ ಸರಿಯಿತ್ತೆಂದು ಅವನೆದುರು ಒಪ್ಪಿಕೊಳ್ಳಲೂ ಸಿದ್ಧಳಿದ್ದೇನೆ. ಆದರೆ ಅವನೇನಾದರೂ "ನಾ ಹೇಳಿರ್ಲಿಲ್ವಾ" ಅಂದನೋ, ವಾಪಸು ಹತ್ತುವಾಗ ತಮ್ಮ ತಂತಿ ನನ್ನ ಕೈಗೆ ಬಂದೀತು, ಹುಷಾರು.