ಎರಡೇ ಸೀಟಿನ ಗಾಡಿ

ನಮ್ಮವರ ಲೆಕ್ಕದಲ್ಲಿ ಒಂದು ಇದೆ, ಮೂರು ಇದೆ, ಹದಿಮೂರಂತೂ ಧಾರಾಳವಾಗಿ ಇದೆ. ಎರಡು ಮಾತ್ರ ಇಲ್ಲ. ಗಂಡ ಹೆಂಡತಿ ಇಬ್ಬರೇ ಮನೆ ಬಿಟ್ಟು ಹೊರಟರೆಂದರೆ ಅದು ಆಸ್ಪತ್ರೆಗೇ ಇರಬೇಕು, ಇಲ್ಲವೇ ಕೋರ್ಟಿಗೆ ಎಂದು ನಮ್ಮ ಜನ ತೀರ್ಮಾನಿಸಿಬಿಡುತ್ತಾರೆ. ಸಿನಿಮಾಕ್ಕೆ ಎಂದಿರೋ, ಪಕ್ಕದ ಮನೆಯವರನ್ನು ಕರೆಯದೆ ಹೋದರೆ ಅವರೇನೆಂದುಕೊಂಡಾರು? ಪಾರ್ಕಿಗೆ ಎಂದಿರೋ, ಅಲ್ಲಿ ಅಂಥಾದ್ದು ಏನಿದೆಯಪ್ಪ ಇಬ್ಬರೇ ನೋಡುವಂಥಾದ್ದು? ಈ ವಿಷಯ ಬಂದಾಗ ನನ್ನ ಮಾತು ಬಹಳ ಕಹಿಯಾಗುತ್ತದೆ ಎಂದು ಸ್ನೇಹಿತರು ದೂರುತ್ತಾರೆ. ಆಗದೆ ಏನು ಮಾಡೀತು? ನಾನು ಇಬ್ಬರಿಗೆಂದೇ ಒಂದು ಮೋಟಾರು ಗಾಡಿ ಕೊಂಡವನು. ಕೊಂಡು ಅನುಭವಿಸಿದವನು.

ಅರವತ್ತರ ದಶಕದಲ್ಲಿ ನಾನು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೆ. ಆಕಾಶದಿಂದ ಏನೇನು ಕಿರಣ ಬೀಳುತ್ತದೆ ಎಂದು ಅಳೆಯುವ ಪೆಟ್ಟಿಗೆಗಳಿಗೆ ತಂತಿ ಬೆಸೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ನೆಂಟರು ನನ್ನನ್ನು ‘ಸೈಂಟಿಸ್ಟು’ ಎನ್ನುತ್ತಿದ್ದರು, ನಾನೂ ತಿದ್ದಲು ಹೋಗುತ್ತಿರಲಿಲ್ಲ. ಮನೆ ಮಣಿನಗರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಸಮೀಪ, ಮಾಳಿಗೆಯ ಮೇಲೆ ಎರಡು ಕೋಣೆ. ಮುಂದಿನ ಕೋಣೆ ಅಮ್ಮನದು ಮತ್ತು ಅವಳ ದೇವರದು. ಒಳಗಿನದು ಅಡಿಗೆಗೆ, ಪಾತ್ರೆಗಳಿಗೆ, ಹಪ್ಪಳದ ಡಬ್ಬಗಳಿಗೆ. ಉಳಿದ ಜಾಗ ನನಗೂ ನನ್ನ ಹೆಂಡತಿ ಜಲಜಳಿಗೂ. ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೆಯ ಸೀರೆಯೊಂದು ಪರದೆಯಾಗಿ ತೂಗಾಡುತ್ತಿತ್ತು. ನಾವು ಪಿಸುಗುಟ್ಟಿದರೂ ಸಾಕು, ‘ಯಾಕ್ರೋ, ಹೊಟ್ಟೆನೋವಾ?’ ಎಂದು ಆ ಕಡೆಯಿಂದ ವಿಚಾರಣೆ ಬರುತ್ತಿತ್ತು. ಇಷ್ಟಾಗಿ, ಮದುವೆಯಾಗಿ ಇಷ್ಟು ಕಾಲವಾದರೂ ಮೊಮ್ಮಕ್ಕಳಿಲ್ಲವಲ್ಲ ಎಂದು ಕಂಡ ಕಂಡ ದೇವರಿಗೆ ಹರಕೆ ಹೊರುತ್ತಿದ್ದವಳೂ ಅಮ್ಮನೇ. ದೇವರಾದರೂ ಏನು ಮಾಡಬೇಕು ಹೇಳಿ.

ಹೀಗಿರುವಾಗ ವಡೋದರದ ಆಚೆ ಒಂದು ಹಳ್ಳಿಯಲ್ಲಿ, ಹಿಂದೆ ಅಲ್ಲಿ ರಾಜರಾಗಿದ್ದ ಠಾಕೋರ ಸಾಹೇಬರೊಬ್ಬರ ಹತ್ತಿರ ಒಂದು ಗಾಡಿ ಮಾರಾಟಕ್ಕಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಸುಮ್ಮನೆ ನೋಡಲು ಹೋದೆ. ಹುಲ್ಲಿನ ಕೊಟ್ಟಿಗೆ, ಅದರೊಳಗೆ ಕೋಳಿಗಳನ್ನು ಓಡಿಸಿ ಗೋಣಿ ಸರಿಸಿದರೆ ಕೆಂಪು ಬಣ್ಣದ, ಇಂಗ್ಲೆಂಡಿನಲ್ಲಿ ಮಾಡಿದ, ತಂತಿಗಾಲಿಯ ರೇಸಿನ ಗಾಡಿ. ಉದ್ದನೆಯ ಮೂತಿ, ಮಡಚುವ ಕ್ಯಾನ್ವಾಸ್ ಮೇಲ್ಛಾವಣಿ. ಠಾಕೋರ ಸಾಹೇಬರು ಎಂಜಿನ್ನಿನ ಗುಣಗಾನ ಮಾಡುತ್ತಿದ್ದರು, ತಮ್ಮ ತಂದೆ ಇದರಲ್ಲಿ ಯಾರಾರನ್ನು ಹಿಂದೆ ಹಾಕಿದ್ದರು ಎಂಬುದನ್ನು ವರ್ಣಿಸುತ್ತಿದ್ದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ನಾನು ನೋಡುತ್ತಿದ್ದದ್ದು ಸೀಟುಗಳನ್ನು. ಎರಡೇ! ಕಂದು ಚರ್ಮದ ಎರಡು ಸೀಟು, ಅಕ್ಕಪಕ್ಕ. ಹಿಂದೆ ಏನೂ ಇಲ್ಲ, ಒಂದು ಪೆಟ್ಟಿಗೆ ಇಡುವಷ್ಟು ಜಾಗ ಬಿಟ್ಟರೆ. ಮೂರನೆಯವರು ಬರುತ್ತೇನೆಂದರೂ ಬರಲಾಗದ ವಾಹನವೊಂದನ್ನು ಮನುಷ್ಯರು ಕಂಡುಹಿಡಿದಿದ್ದಾರೆ ಎಂಬುದೇ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಬಿಡಿಭಾಗ ಸಿಗುವುದಿಲ್ಲವೆಂದು ಯಾರೂ ಕೇಳುವವರಿಲ್ಲದೆ ಬಿದ್ದಿತ್ತು. ಸ್ಕೂಟರಿಗೆಂದು ಕೂಡಿಟ್ಟದ್ದರಲ್ಲೇ ಮುಗಿಯಿತು.

ಇಬ್ಬರಿಗೆಂದು ತಂದದ್ದು ಎಂದು ಮನೆಯಲ್ಲಿ ಹೇಳುವಂತಿಲ್ಲವಲ್ಲ. ಹಾಗಾಗಿ, ‘ಇದು ಅಪರೂಪದ ಗಾಡಿ, ಅಪ್ಪಟ ಅಸಲಿ, ಇಂಥಾದ್ದು ಇಡೀ ಗುಜರಾತಿನಲ್ಲಿ ಇನ್ನೊಂದಿಲ್ಲ’ ಎಂದು ಹೇಳಿಕೊಂಡು ತಿರುಗಿದೆ. ಅಮ್ಮ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಎತ್ತಿ, ಕೊನೆಗೆ ಸೀಟನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ದನದ ಚರ್ಮ! ತಾತ ಜಿಂಕೆ ಚರ್ಮದ ಮೇಲೆ ಕೂತು ಜಪ ಮಾಡುತ್ತಿರಲಿಲ್ಲವೇ ಎಂದು ನಾನು ವಾದಿಸಿದೆ. ‘ಅದು ಶಾಸ್ತ್ರ, ಇದು ಕಾರು’ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಸ್ಟೇಷನ್ನಿನ ಎದುರು ಹೋಟೆಲಿಟ್ಟುಕೊಂಡಿದ್ದ ಉಡುಪಿಯ ಉಪಾಧ್ಯರು ನಮಗೆ ಅಲ್ಲಿ ನೆಂಟರಿಗಿಂತ ಹೆಚ್ಚು. ಅವರು ಬಂದು ಗಾಡಿಯನ್ನು ಎರಡು ಸುತ್ತು ಹಾಕಿ, ‘ಅಲ್ಲ ಮಾರಾಯ್ರೆ, ಉಳಿದವರು ಎಲ್ಲಿ ಕೂತ್ಕೊಳ್ಳುದು?’ ಎಂದರು. ಉಳಿದವರು ಮನೆಯಲ್ಲಿ ಕೂತುಕೊಳ್ಳಲಿ ಎಂದೇ ತಂದದ್ದು ಎನ್ನಲಿಲ್ಲ, ಹಲ್ಲು ಕಿರಿದೆ. ಜಲಜ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, ‘ಚೆನ್ನಾಗಿದೆ’ ಎಂದಳು. ಅಷ್ಟೇ. ಒಲೆಯ ಮೇಲೆ ಸಾರು ಉಕ್ಕುತ್ತಿದೆಯೆಂದು ಹೋಗಿಬಿಟ್ಟಳು.

ಆದರೆ ಉಪಾಧ್ಯರು ಹೋಗುವಾಗ ಒಂದು ಮಾತು ಬಿಟ್ಟುಹೋದರು: ಅಸಲಿ ಅಂತ ಹೇಳಿದವರು ಮಾರಿದವರೇ ಅಲ್ಲವೇ, ಬೇರೆ ಯಾರಾದರೂ ನೋಡಿದ್ದಾರೆಯೇ? ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಎಂಥ ಒಳ್ಳೆಯ ನೆಪ! ಸೂರತ್ತಿನಲ್ಲಿ ಹಳೆಯ ಗಾಡಿಗಳ ಮರ್ಮ ಬಲ್ಲ ಪಾರ್ಸಿ ಹಿರಿಯರೊಬ್ಬರಿದ್ದಾರೆಂದು ಕೇಳಿದ್ದೆ. ಸೂರತ್ತಿಗೆ ಗಾಡಿಯನ್ನೇ ಒಯ್ಯಬೇಕು. ಗಾಡಿಯಲ್ಲಿ ಎರಡೇ ಸೀಟು. ಜೊತೆಗೆ ಒಬ್ಬರಾದರೂ ಬೇಕು. ಪರೀಕ್ಷೆ ಮುಗಿಸಿ, ಊರಾಚೆ ಡುಮ್ಮಸ್ಸಿನ ಕಡಲ ದಡದಲ್ಲಿ ಸಂಜೆಯವರೆಗೆ ಜಲಜಳ ಜೊತೆ ಕೂತು ಕಡಲೆಕಾಯಿ ತಿನ್ನುವುದು ಎಂಬುದು ನನ್ನ ಯೋಜನೆ. ಏನು ಮಾತಾಡಬೇಕೆಂದು ಕೂಡ ಅರ್ಧ ಯೋಚಿಸಿಟ್ಟಿದ್ದೆ. ಊಟಕ್ಕೆ ಕೂತಾಗ, ಸೂರತ್ತಿಗೆ ಹೋಗಬೇಕಾಗಿದೆ, ಜೊತೆಗೆ ಒಬ್ಬರು ಬರಬಹುದು ಎಂದು ತಟ್ಟೆಯನ್ನು ನೋಡುತ್ತಾ ಹೇಳಿದೆ. ಜಲಜಳ ಕಡೆ ನೋಡಿ ಹೇಳಿದ್ದರೆ ಏನಾಗುತ್ತಿತ್ತೋ. ಅಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ‘ಸೂರತ್ತಿನಲ್ಲಿ ತಾಪಿ ಹರಿಯತ್ತಲ್ವೇನೋ? ಸೂರ್ಯನ ಮಗಳು ಕಣೋ ಅವಳು. ಮುಳುಗಿ ಬೇಡಿಕೊಂಡರೆ ಸಂತಾನ ಕೊಡ್ತಾಳಂತೆ’ ಎಂದಳು. ಜಲಜ ನನಗೆ ಮಜ್ಜಿಗೆ ಬಡಿಸಿ, ಅತ್ತೆಯ ಮಡಿಸೀರೆ ಒಣಗಿದೆಯೋ ಎಂದು ನೋಡಲು ಎದ್ದುಹೋದಳು.

ಹೀಗೆ ನಾನು ಇಬ್ಬರ ಗಾಡಿಯಲ್ಲಿ ಇಬ್ಬರಾಗಿಯೇ ಹೊರಟೆ. ಅಮ್ಮ ಸೀಟಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಊಟದ ಮಣೆ, ಮಣೆಯ ಮೇಲೆ ತಾನು ಎಂಬ ವ್ಯವಸ್ಥೆ ಮಾಡಿಕೊಂಡಳು. ಅಷ್ಟು ಎತ್ತರದಲ್ಲಿ ಕೂತವಳಿಗೆ ಮೇಲ್ಛಾವಣಿ ತಲೆಗೆ ತಾಗುತ್ತದೆಂದು ಅದನ್ನು ಮಡಚಬೇಕಾಯಿತು. ಬಿಸಿಲಿಗೆ ನನ್ನ ತಲೆ ಕಾದು ಬಾಣಲೆಯಾಯಿತು. ವಡೋದರದಲ್ಲಿ ಎಂಜಿನ್ನೂ ಕಾದು ನಿಂತಿತು. ನೀರು ಹೊಯ್ಯುತ್ತಿರುವಾಗ ಸುತ್ತ ಜನ ಸೇರಿತು. ಕಚ್ಚೆ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು, ತೆರೆದ ಗಾಡಿಯಲ್ಲಿ ಸಿಂಹಾಸನದ ಮೇಲಿದ್ದಂತೆ ಕೂತ ಅಮ್ಮನನ್ನು ಯಾವುದೋ ಸಂಸ್ಥಾನದ ರಾಜಮಾತೆ ಎಂದೇ ತಿಳಿದು ಮುದುಕರಿಬ್ಬರು ಕೈ ಮುಗಿದರು. ಅಮ್ಮ ಸಂಕೋಚವಿಲ್ಲದೆ ಆಶೀರ್ವಾದ ಮಾಡಿದಳು. ನನ್ನನ್ನು ಡ್ರೈವರ್ ಎಂದುಕೊಂಡ ಒಬ್ಬ, ರಾಣಿ ಸಾಹೇಬರು ಸಂಬಳ ಸರಿಯಾಗಿ ಕೊಡುತ್ತಾರೆಯೇ ಎಂದು ವಿಚಾರಿಸಿದ. ಭರೂಚಿನ ಸೇತುವೆಯ ಮೇಲೆ, ನರ್ಮದೆಯನ್ನು ನೋಡಿದರೇ ಪುಣ್ಯ ಎಂದು ಅಮ್ಮ ಗಾಡಿ ನಿಲ್ಲಿಸೆಂದಳು. ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ನನಗೆ ಗುಜರಾತಿಯಲ್ಲಿ ಏನೇನೋ ಅಂದರು, ಪುಣ್ಯಕ್ಕೆ ಪೂರ್ತಿ ಅರ್ಥವಾಗಲಿಲ್ಲ.

ತಾಪಿಯ ದಡದಲ್ಲಿ ನಾನು ಒಣ ಸೀರೆ ಹಿಡಿದು ನಿಂತಿದ್ದೆ. ಅಮ್ಮ ಮೂಗು ಹಿಡಿದು ಮುಳುಗಿ ಎದ್ದು, ಬಾಟಲಿಯಲ್ಲಿ ಸೊಸೆಗೆಂದು ನೀರು ತುಂಬಿಕೊಂಡು, ‘ನಿಮ್ಮಿಬ್ಬರಿಗಾಗಿಯೇ ಕಣೋ ನಾನು ಇಷ್ಟು ದೂರ ಬಂದದ್ದು’ ಎಂದಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೋಪ ಮಾಡಿಕೊಳ್ಳೋಣವೆಂದರೆ ಆ ಒದ್ದೆ ಮುಖದಲ್ಲಿ ಅಷ್ಟು ಪ್ರೀತಿ ಇತ್ತು. ಪ್ರೀತಿಯ ಮೇಲೆ ಕೋಪ ಮಾಡಿಕೊಳ್ಳುವ ವಿದ್ಯೆಯನ್ನು ನನಗೆ ಯಾರೂ ಕಲಿಸಿಲ್ಲ.

ಪಾರ್ಸಿ ಹಿರಿಯರು ಬಿಳಿ ಪ್ಯಾಂಟು ತೊಟ್ಟುಕೊಂಡೇ ಗಾಡಿಯ ಕೆಳಗೆ ನುಸುಳಿದರು. ಟಾರ್ಚು, ಭೂತಗನ್ನಡಿ, ಒಂದು ಪುಟ್ಟ ಸುತ್ತಿಗೆ ಅವರ ಸಲಕರಣೆ. ಗಾಡಿಯ ಅಡಿಕಟ್ಟಾದ ಚಾಸಿಯ ಮೇಲೆ ಕೊರೆದ ನಂಬರನ್ನೂ ಎಂಜಿನ್ನಿನ ಹಿತ್ತಾಳೆ ಫಲಕದ ನಂಬರನ್ನೂ ಓದಿದರು. ಬಾಗಿಲಿನೊಳಗಿನ ಮರವನ್ನು ಕುಟ್ಟಿ ಕಿವಿಗೊಟ್ಟರು. ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತಿದ್ದ ಅಮ್ಮನಿಗೆ ಇದೆಲ್ಲ ಜಾತಕ ನೋಡಿದ ಹಾಗೆ ಕಂಡಿತು. ‘ಏನಂತೋ, ಕೂಡಿಬರತ್ತಂತಾ?’ ಎಂದು ನಡುನಡುವೆ ಕೇಳುತ್ತಿದ್ದಳು. ಕೊನೆಗೆ ಆ ಹಿರಿಯರು ಸೀಟಿನ ಮೇಲಿನ ಕಂಬಳಿಯನ್ನು ಎರಡು ಬೆರಳಿನಲ್ಲಿ ಎತ್ತಿ ಎಸೆದು, ಚರ್ಮಕ್ಕೆ ಮೂಗು ಹಚ್ಚಿ ಬಹಳ ಹೊತ್ತು ವಾಸನೆ ನೋಡಿದರು. ಎದ್ದು ನಿಂತಾಗ ಅವರ ಕಣ್ಣು ತುಂಬಿತ್ತು. ಅವರ ಇಂಗ್ಲಿಷಿನ ಸಾರಾಂಶ ಇಷ್ಟು: ದೀಪ ಬದಲಾಗಿದೆ, ಬಣ್ಣ ಎರಡನೆಯ ಸಲದ್ದು, ಕೊಳವೆಗಳು ಯಾವನೋ ಮಿಸ್ತ್ರಿಯ ಕೈಚಳಕ. ಆದರೆ ಗಾಡಿ ಅಸಲಿ. ಸೀಟುಗಳಂತೂ ಕಾರ್ಖಾನೆಯಿಂದ ಬಂದ ಹಾಗೆಯೇ ಇವೆ, ಒಳಗೆ ಕುದುರೆಯ ಕೂದಲು ಸಹ ಅದೇ. ‘ದೀಕ್ರಾ, ಮಗನೇ, ಏನು ಬೇಕಾದರೂ ಬದಲಾಯಿಸು, ಸೀಟು ಮಾತ್ರ ಮುಟ್ಟಬೇಡ. ಸೀಟು ಹೋದರೆ ಇದು ತಗಡು’ ಎಂದು ನನ್ನ ಹೆಗಲು ತಟ್ಟಿದರು. ಬರುವ ತಿಂಗಳು ಅಹಮದಾಬಾದಿಗೆ ಬಂದಾಗ ಇನ್ನೊಮ್ಮೆ ನೋಡಿ, ದೊಡ್ಡ ಮೋಟಾರು ಪ್ರದರ್ಶನಕ್ಕೆ ಶಿಫಾರಸು ಮಾಡುವುದಾಗಿಯೂ ಹೇಳಿದರು. ನಾನು ಹೇಳಿದ ಸುಳ್ಳೇ ನಿಜವಾಗಿಬಿಟ್ಟಿತ್ತು. ಆ ಸಂಜೆ ಡುಮ್ಮಸ್ಸಿನ ರಸ್ತೆಯ ಕೈಮರ ಕಂಡಿತು, ನಾನು ತಲೆ ತಿರುಗಿಸಿಕೊಂಡು ನೇರ ಓಡಿಸಿದೆ.

ಮನೆಗೆ ಬಂದವನೇ ಆಫೀಸಿನ ಕೆಲಸದ ಮೇಲೆ ಪೆಟ್ಟಿಗೆಗಳ ಜೊತೆ ತಿರುವನಂತಪುರಕ್ಕೆ ಹೋಗಬೇಕಾಯಿತು. ಸೀಟಿನ ವಿಷಯ ಮನೆಯಲ್ಲಿ ಹೇಳಿದ್ದೆನೋ ಇಲ್ಲವೋ. ಹೇಳಿದ್ದರೂ ಅಪ್ಪಟ, ಅಸಲಿ ಎಂಬ ಹಳೆಯ ರಾಗದಲ್ಲೇ ಹೇಳಿರಬೇಕು, ಯಾರು ಕೇಳುತ್ತಾರೆ? ಬಹಳ ದಿನ ಬಿಟ್ಟು ವಾಪಸು ಬಂದು ಮನೆಯ ಮುಂದೆ ಟಾಂಗಾದಿಂದ ಇಳಿದರೆ, ಗಾಡಿ ಹೊಳೆಯುತ್ತಿದೆ. ಹಿಂದಿನ ತಗಡನ್ನು ಕತ್ತರಿಸಿ, ಹಲಗೆ ಕೂರಿಸಿ, ಮೂರು ಜನ ಕೂರುವಂಥ ಬೆಂಚು ಹಾಕಿದ್ದಾರೆ. ಮುಂದೆಯೂ ಬೆಂಚೇ. ಎಲ್ಲಕ್ಕೂ ಹಸಿರು ರೆಕ್ಸಿನ್, ಒಳಗೆ ತೆಂಗಿನ ನಾರು, ಅಂಚಿಗೆ ಗುಂಡುತಲೆಯ ಹಿತ್ತಾಳೆ ಮೊಳೆ. ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಉಪಾಧ್ಯರ ಹೋಟೆಲಿನ ಫ್ಯಾಮಿಲಿ ರೂಮು! ಅದರ ಬೆಂಚು ಮಾಡಿದವನೇ ಇದನ್ನೂ ಮಾಡಿದ್ದ. ‘ಈಗ ಕೂತು ನೋಡಿ ಮಾರಾಯ್ರೆ, ಇಡೀ ಸಂಸಾರ ಹಿಡಿತದೆ’ ಎಂದು ಉಪಾಧ್ಯರು ಬೆಂಚಿನ ಮೇಲೆ ಕುಪ್ಪಳಿಸಿ ತೋರಿಸಿದರು. ಹಳೆಯ ಸೀಟು ಎಲ್ಲಿ ಎಂದು ಕೇಳಿದೆ. ಚರ್ಮ ಒಂದೇ ಅಲ್ಲ, ಒಳಗೆ ಕುದುರೆ ಕೂದಲು ಬೇರೆ ಇತ್ತು, ಶಿವ ಶಿವಾ, ಗುಜರಿಯವನಿಗೆ ಕೊಟ್ಟೆ ಎಂದು ಅಮ್ಮ ಕೈ ತೊಳೆದುಕೊಂಡಳು. ಸಾಬರಮತಿಯ ದಡದ ಭಾನುವಾರದ ಸಂತೆಯಲ್ಲಿ ಮಟಮಟ ಮಧ್ಯಾಹ್ನ ಹಳೆಯ ಕಬ್ಬಿಣ, ಮುರಿದ ಮಂಚಗಳ ನಡುವೆ ಹುಚ್ಚನ ಹಾಗೆ ಹುಡುಕಿದೆ. ಸಿಗಲಿಲ್ಲ.

ಹೇಳಿದ ಮಾತಿನಂತೆ ಸೂರತ್ತಿನ ಹಿರಿಯರು ಬಂದರು. ಗಾಡಿಯ ಹತ್ತಿರ ಬಂದು, ಹಸಿರು ಬೆಂಚನ್ನು ನೋಡಿ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೊರಟುಹೋದರು. ಮಾಡಿಟ್ಟಿದ್ದ ದೋಸೆಯನ್ನೂ ಮುಟ್ಟಲಿಲ್ಲ. ಅಮ್ಮ, ‘ಪಾಪ, ಹೊಟ್ಟೆ ಸರಿಯಿಲ್ಲವೇನೋ’ ಎಂದಳು. ನನಗೆ ಆ ದಿನಗಳಲ್ಲಿ ಅಮ್ಮನ ಮೇಲೂ ಉಪಾಧ್ಯರ ಮೇಲೂ ಮೈಯೆಲ್ಲ ಉರಿಯುತ್ತಿತ್ತು. ಇದು ಅಮ್ಮನ ಮಡಿಯ ಕೆಲಸವೋ ಉಪಾಧ್ಯರ ಉಪಕಾರವೋ ಎಂಬುದೊಂದೇ ಅನುಮಾನ. ಅಮ್ಮನನ್ನು ಬೈಯುವಂತಿಲ್ಲ, ಉಪಾಧ್ಯರನ್ನು ಬೈದರೆ ಊರಿನಲ್ಲಿ ಕನ್ನಡದಲ್ಲಿ ಮಾತಾಡುವವರೇ ಇಲ್ಲ. ಹಾಗಾಗಿ ಊಟದಲ್ಲಿ ಉಪ್ಪು ಹೆಚ್ಚು, ಉಪ್ಪು ಕಡಿಮೆ ಎಂದು ಜಲಜಳ ಮೇಲೆ ಹರಿಹಾಯುತ್ತಿದ್ದೆ. ಅವಳು ಉಪ್ಪಿನ ಬಟ್ಟಲನ್ನು ನನ್ನ ತಟ್ಟೆಯ ಹತ್ತಿರ ಸರಿಸುತ್ತಿದ್ದಳು.

ಮುಂದಿನ ಭಾನುವಾರ ಎಲ್ಲರೂ ಡಾಕೋರಿನ ಕೃಷ್ಣನ ದರ್ಶನಕ್ಕೆ ಹೊರಟೆವು. ಅಮ್ಮ ಮುಂದಿನ ಬೆಂಚಿನಲ್ಲಿ ಮಣೆಯ ಗೊಡವೆಯಿಲ್ಲದೆ ಆರಾಮಾಗಿ ಕೂತಿದ್ದಳು. ಹಿಂದೆ ಉಪಾಧ್ಯರೂ ಅವರ ಹೆಂಡತಿಯೂ ಮುಕ್ಕಾಲು ಜಾಗ ಹಿಡಿದಿದ್ದರು. ಜಲಜ ಪುಳಿಯೋಗರೆಯ ಬುಟ್ಟಿ ಹಿಡಿದು ಕೊನೆಯಲ್ಲಿ ಮಾಳಿಗೆಯಿಂದ ಇಳಿದು ಬಂದಳು. ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಾವಿಬ್ಬರೇ ಇದ್ದೆವು. ಈ ಬೆಂಚು ಹಾಕಿಸುವ ಬುದ್ಧಿ ಹೊಳೆದದ್ದು ಅಮ್ಮನಿಗೋ ಉಪಾಧ್ಯರಿಗೋ ಎಂದು ಕೇಳಿದೆ.

‘ನಂದೇ’ ಎಂದಳು ಜಲಜ. ‘ಗಾಡಿ ತಂದ ದಿವಸಾನೇ ಲೆಕ್ಕ ಹಾಕಿದೆ. ಎರಡು ಸೀಟು. ಒಂದು ನಿಮಗೆ, ಒಂದು ಅತ್ತೆಗೆ. ಸೂರತ್ತಿಗೆ ಹೋದಾಗ ಅದೇ ಆಯ್ತಲ್ಲ. ನನಗೂ ನಿಮ್ಮ ಜೊತೆ ಬರ್ಬೇಕು ಅನ್ಸತ್ತಲ್ವಾ? ಹಿಂದೆ ಆದ್ರೂ ಪರವಾಗಿಲ್ಲ, ಒಂದು ಜಾಗ ಇರ್ಲಿ ಅಂತ ಮಾಡಿಸಿದೆ.’

ಅವಳು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ‘ಅಲ್ಲಾ ರೀ, ಮನೇಲಿ ಮೂರು ಜನ ಇರೋವಾಗ ನೀವು ಎರಡೇ ಸೀಟಿಂದು ಯಾಕೆ ತಂದ್ರಿ? ಅದೊಂದು ನನಗೆ ಇವತ್ತಿಗೂ ಅರ್ಥವಾಗ್ಲಿಲ್ಲ’ ಎಂದಳು.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದೇ ವಾಕ್ಯ, ಡುಮ್ಮಸ್ಸಿನ ದಡಕ್ಕೆಂದು ಸಿದ್ಧ ಮಾಡಿಟ್ಟದ್ದು. ಗಾಡಿಯಿಂದ ಅಮ್ಮ, ಹೊತ್ತಾಯಿತು ಬರ್ರೋ ಎಂದು ಕೂಗಿದಳು.

‘ಪೆಟ್ರೋಲು ಕಮ್ಮಿ ಸಾಕಾಗತ್ತೆ ಅಂತ’ ಎಂದೆ.

ಜಲಜ ಹೌದೆಂದು ತಲೆಯಾಡಿಸಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು.