ಕಂಬದ ಮೇಲಿನ ಹೆಸರು

ಖೇಮ್‌ರಾಜನ ಕಷ್ಟಕ್ಕೆಲ್ಲ ಮೂಲ ಅವನದೇ ಮನೆಯ ಒಂದು ಕಂಬ.

ಗಯಾನಾದ ಕೊರೆಂಟೈನ್ ಕರಾವಳಿಯ ಎಲ್ಲ ಮನೆಗಳ ಹಾಗೆ ಅವನ ಮನೆಯೂ ಎತ್ತರದ ಕಂಬಗಳ ಮೇಲೆ ನಿಂತಿತ್ತು. ಉಳಿದವರು ಮನೆಯಡಿಯ ಜಾಗದಲ್ಲಿ ಜೋಲಿ ಕಟ್ಟಿ ಮಲಗುತ್ತಿದ್ದರು, ಕೋಳಿ ಸಾಕುತ್ತಿದ್ದರು, ಮಗಳ ಮದುವೆ ಮಾಡುತ್ತಿದ್ದರು. ಖೇಮ್‌ರಾಜ್ ಅಲ್ಲಿ ಕಬ್ಬಿಣ ತುಂಬಿ ಜಿಮ್ ಮಾಡಿದ್ದ. ಅದರ ನಡುಗಂಬದ ಮೇಲೆ ಕೆಂಪು ಬಣ್ಣದಲ್ಲಿ ಹೀಗೆ ಬರೆದಿತ್ತು: ‘ಇನ್ನೂರು ಕಿಲೋ — ಕಾಂಪ್ಟನ್ ಬೆನ್.’

ಬರೆದವನು ಖೇಮ್‌ರಾಜನೇ. ಆರು ವರ್ಷದ ಹಿಂದೆ ಗೆಳೆಯ ಕಾಂಪ್ಟನ್ ರಾಜಧಾನಿಗೆ ಹೋಗಿ ಮೂವರು ತೀರ್ಪುಗಾರರ ಮುಂದೆ ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವ ಆಟದಲ್ಲಿ, ಇನ್ನೂರು ಕಿಲೋ ಎತ್ತಿ, ಭಾರ ಎತ್ತುವವರ ಸಂಘದ ಮೊಹರಿನ ಪತ್ರ ತಂದಿದ್ದ. ಆ ಸಂತೋಷದಲ್ಲಿ ಖೇಮ್‌ರಾಜ್ ಹೆಸರು ಬರೆದದ್ದಷ್ಟೇ ಅಲ್ಲ, ಒಂದು ನಿಯಮವನ್ನೂ ಮಾಡಿದ: ಸಂಘದ ಪತ್ರ ತಂದವರ ಹೆಸರಷ್ಟೇ ಕಂಬಕ್ಕೆ. ಬಾಯಲ್ಲೇ ಮುನ್ನೂರು ಕಿಲೋ ಎತ್ತುವ ಭಾವಮೈದುನರಿಗೆ ಹೆದರಿ ಮಾಡಿದ ನಿಯಮ ಅದು. ಅದಕ್ಕೆ ಮೊದಲು ಬಲಿಯಾದವನು ಅವನೇ. ಹೋದ ವರ್ಷ ಒಂದು ಮಂಗಳವಾರ ಅವನು ಇನ್ನೂರು ಎತ್ತಿಯೇಬಿಟ್ಟ. ಕಂಡವಳು ಬಟ್ಟೆ ಒಣಗಿಸುತ್ತಿದ್ದ ಹೆಂಡತಿ ಪರ್ಬತಿ ಒಬ್ಬಳೇ. ಅವಳು ಮೊಹರು ಹಾಕುವ ಹಾಗಿರಲಿಲ್ಲ.

ಕಾಂಪ್ಟನ್ ಮಾತ್ರ ಬಂದಾಗಲೆಲ್ಲ ಆ ಕಂಬಕ್ಕೇ ಒರಗಿ ಹರಟುತ್ತಿದ್ದ. ತನ್ನ ಮನೆಯ ಭಾರ ಹೊತ್ತ ಕಂಬ ಇನ್ನೊಬ್ಬನ ಹೆಸರು ಹೊತ್ತು ನಿಂತಿದ್ದನ್ನು ನೋಡಿ ನೋಡಿ ಖೇಮ್‌ರಾಜನಿಗೆ ಊಟ ರುಚಿಸದಾಯಿತು. ಕೊನೆಗೆ ಅವನು ಸಂಘಕ್ಕೆ ಪತ್ರ ಬರೆದು, ಸ್ಪರ್ಧೆಯನ್ನೇ ತನ್ನ ಮನೆಯಡಿಗೆ ಕರೆಸಿಕೊಂಡ. ಸಂಘ ಒಪ್ಪಿತು, ಒಂದು ಷರತ್ತಿನ ಮೇಲೆ: ತೀರ್ಪುಗಾರ್ತಿ ಮಿಸ್ ಗ್ರೇವ್‌ಸ್ಯಾಂಡ್ ಅವರ ಎದುರು ಕನಿಷ್ಠ ಹತ್ತು ಜನ ತೂಗಿಸಿಕೊಳ್ಳಬೇಕು. ಒಬ್ಬ ಕಮ್ಮಿಯಾದರೂ ಸ್ಪರ್ಧೆ ಲೆಕ್ಕಕ್ಕಿಲ್ಲ.

ಖೇಮ್‌ರಾಜ್ ಎಪ್ಪತ್ತನಾಲ್ಕು ಕಿಲೋ ವಿಭಾಗಕ್ಕೆ ಹೆಸರು ಕೊಟ್ಟಿದ್ದ. ಮೈತೂಕ ಮಾತ್ರ ಎಪ್ಪತ್ತಾರು ಇತ್ತು. ಬರೀ ಬೇಯಿಸಿದ ಮೊಟ್ಟೆ, ನಿಂಬೆನೀರಿನಲ್ಲಿ ಮೂರು ದಿನ ಕಳೆದ. ಭಾನುವಾರ ಬೆಳಿಗ್ಗೆ ಆರೂವರೆಗೆ, ಬಾಡಿಗೆಗೆ ತಂದ ತೂಕದ ಯಂತ್ರವನ್ನು ಮೆಟ್ಟಿಲ ಕೆಳಗೆ ಇಟ್ಟು, ಬೆಡ್‌ಶೀಟಿನ ಮರೆ ಕಟ್ಟಿ, ಒಳಚಡ್ಡಿಯಲ್ಲಿ ಹತ್ತಿ ನಿಂತ. ಎಪ್ಪತ್ತಮೂರು ಪಾಯಿಂಟ್ ಒಂಬತ್ತು. ಖುಷಿಯಿಂದ ತನ್ನ ಸ್ಪರ್ಧೆಯ ಕಾರ್ಡಿನಲ್ಲಿ ಆ ಅಂಕಿಯನ್ನು ಬರೆದು, ಅಡುಗೆಮನೆಗೆ ಓಡಿ, ತೆಂಗಿನಹಾಲು, ಅಲಸಂದೆ ಹಾಕಿ ಪರ್ಬತಿ ನೂರು ಜನಕ್ಕೆಂದು ಬೇಯಿಸಿದ್ದ ಕುಕ್‌ಅಪ್ ಅನ್ನದ ಎದುರು ಕುಳಿತ.

“ರೀ, ಅದು ಬಂದೋರಿಗೆ,” ಎಂದಳು ಪರ್ಬತಿ.

“ನಾನೂ ಬಂದೋನೇ,” ಎಂದು ಮೂರನೇ ತಟ್ಟೆಗೆ ಕೈ ಹಾಕಿದ.

ಅಷ್ಟರಲ್ಲಿ ಫೋನು ಬಂತು. ಕಾಂಪ್ಟನ್.

“ಲೋ ಖೇಮ್, ಬೈಕಿನ ಚೈನು ಕಿತ್ಕೊಂಡಿದೆ. ನಾನು ಬರೋದು ಅನುಮಾನ. ನೀನು ಶುರು ಮಾಡ್ಕೊ.”

ಖೇಮ್‌ರಾಜ್ ಬೆರಳು ಮಡಚಿದ. ಬಂದವರು ಎಂಟು, ತಾನೊಬ್ಬ, ಒಂಬತ್ತು. ಒಬ್ಬ ಕಮ್ಮಿ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಧನ್‌ಮತಿ ಆಂಟಿ ಬೇಲಿ ದಾಟಿ ಬಂದರು. ಅರವತ್ತೊಂದು ವಯಸ್ಸು, ಬಡಕಲು ಮೈ, ಏಳೂರಿಗೆ ಕೇಳುವ ಗಂಟಲು. ಏಳು ವರ್ಷದಿಂದ ಅವರು ವಾರಕ್ಕೊಮ್ಮೆ ಒಂದೇ ದೂರು ತರುತ್ತಿದ್ದರು.

“ಲೇ ಖೇಮ್, ಇವತ್ತು ಭಾನುವಾರ ಕಣೋ. ಇವತ್ತಾದ್ರೂ ಆ ಕಬ್ಬಿಣ ಎತ್ತಿ ಎತ್ತಿ ಬೀಳಿಸ್ಬೇಡ. ನಮ್ಮನೆ ಗೋಡೆ ಮೇಲಿನ ಹನುಮಂತನ ಪಟ ಮೂರು ಸಲ ಬಿದ್ದಿದೆ.”

ಖೇಮ್‌ರಾಜ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಳುಗುತ್ತಿದ್ದವನಿಗೆ ಆಂಟಿ ಹುಲ್ಲುಕಡ್ಡಿಯಲ್ಲ, ದೋಣಿಯ ಹಾಗೆ ಕಂಡರು.

“ಆಂಟಿ, ಒಂದು ಉಪಕಾರ ಮಾಡ್ಬೇಕು. ಒಂದೇ ಒಂದು ಸಲ ತೂಕ ಮಾಡಿಸ್ಕೊಂಡು, ಆ ರಾಡನ್ನ ಸುಮ್ನೆ ಮುಟ್ಟಿಬಿಡಿ.”

“ನನ್ನ ತೂಕ ಊರಿಗೆಲ್ಲ ಯಾಕೆ ಬೇಕು?”

“ಹೆಸರು ಬರುತ್ತೆ ಆಂಟಿ.”

“ಆಮೇಲೆ ಆರು ತಿಂಗಳು ಬೆಳಿಗ್ಗೆ ಏಳಕ್ಕೆ ಮುಂಚೆ ಸದ್ದು ಮಾಡಲ್ಲ ಅಂತ ಮಾತು ಕೊಡ್ತೀಯಾ?”

ಕೊಟ್ಟ. ಆ ಕ್ಷಣದಲ್ಲಿ ಕೇಳಿದ್ದರೆ ಮನೆಯನ್ನೂ ಕೊಡುತ್ತಿದ್ದ.

ಎಂಟು ಗಂಟೆಗೆ ಮಿಸ್ ಗ್ರೇವ್‌ಸ್ಯಾಂಡ್ ಬಂದಿಳಿದರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಆಕೆಯನ್ನು ಕಂಡರೆ ಇನ್ನೂರೈವತ್ತು ಕಿಲೋ ಎತ್ತುವವರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಂದವರೇ ಆಂಟಿಯ ಉದ್ದನೆಯ ಫ್ರಾಕು ನೋಡಿ, “ಮೈಗಂಟಿದ ಸಿಂಗ್ಲೆಟ್ ಇಲ್ಲದೆ ರಾಡು ಮುಟ್ಟುವಂತಿಲ್ಲ,” ಎಂದರು.

ಅಂಗಿ-ಚಡ್ಡಿ ಒಂದೇ ಆಗಿ ಹೊಲಿದ ಅಂಥ ತೋಳಿಲ್ಲದ ಸಿಂಗ್ಲೆಟ್ ಖೇಮ್‌ರಾಜನ ಬಳಿ ಎರಡು ಇದ್ದವು. ಒಂದು ಹಳೆಯದು. ಇನ್ನೊಂದು ಇವತ್ತಿಗೆಂದೇ ತರಿಸಿದ್ದು, ಬೆನ್ನ ಮೇಲೆ ಪರ್ಬತಿ ಚಿನ್ನದ ಬಣ್ಣದ ದಾರದಲ್ಲಿ ‘ಖೇಮ್’ ಎಂದು ಕಸೂತಿ ಹಾಕಿದ್ದಳು. ಆಂಟಿ ಹಳೆಯದನ್ನು ಮೂಸಿ ನೋಡಿ ದೂರ ಇಟ್ಟರು. ಹೊಸದನ್ನು ಪರ್ಬತಿಯ ಟಿ-ಶರ್ಟು, ಬಿಗಿ ಪೈಜಾಮದ ಮೇಲೆ ಹಾಕಿಕೊಂಡು ಬಂದು, “ಸೊಂಟದ ಹತ್ರ ಸಡಿಲ,” ಎಂದರು.

ತೂಕ ಶುರುವಾಯಿತು. ಮಿಸ್ ಅಂಕಿ ನೋಡಿ ತಮ್ಮ ಪಟ್ಟಿಯಲ್ಲಿ ಬರೆದುಕೊಂಡು ಗಟ್ಟಿಯಾಗಿ ಹೇಳುವುದು, ಖೇಮ್‌ರಾಜ್ ಅದನ್ನು ಕಾರ್ಡಿಗೆ ಇಳಿಸಿ, ಮರೆ ಸರಿಸಿ “ಮುಂದಿನವರು” ಎಂದು ಕೂಗುವುದು. ಅವನು ಅಂದು ಯಜಮಾನ, ಗುಮಾಸ್ತ, ಬಾಗಿಲು ಕಾಯುವವನು, ಎಲ್ಲವೂ. ನಡುವೆ ಮೈಕು ಕೆಟ್ಟರೆ ಅಲ್ಲಿಗೂ ಓಡಿದ, ಪ್ಲೇಟುಗಳ ಮೇಲೆ ಕೋಳಿ ಕೂತರೆ ಅದನ್ನೂ ಓಡಿಸಿದ. ಆಂಟಿ ಯಂತ್ರದ ಮೇಲೆ ನಿಂತು ಐವತ್ತಾರು ಕಿಲೋ ಎಂದು ಕೇಳಿ, ಯಂತ್ರ ಸುಳ್ಳು ಹೇಳುತ್ತಿದೆ ಎಂದು ಎರಡು ಸಲ ಇಳಿದು ಹತ್ತಿದರು.

ಒಂಬತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ ಮೀನಿನ ಲಾರಿಯೊಂದರಿಂದ ಕಾಂಪ್ಟನ್ ಧುಮುಕಿದ. ಅವನನ್ನೂ ತೂಗಿದ್ದಾಯಿತು. ಖೇಮ್‌ರಾಜ್ ಮೆಲ್ಲಗೆ ಆಂಟಿಯ ಬಳಿ ಹೋದ.

“ಆಂಟಿ, ಈಗ ಜನ ಸಾಕಾಯ್ತು. ನೀವು ಆರಾಮಾಗಿ ಮನೆಗೆ ಹೋಗ್ಬಹುದು. ಆ ಸಿಂಗ್ಲೆಟ್ ಒಂದು ಬಿಚ್ಚಿಕೊಟ್ರೆ...”

“ಐವತ್ತಾರು ಅಂತ ಮೈಕಲ್ಲಿ ಬಂದಂಗೆ ಊರಿಗೆಲ್ಲ ಕೇಳಿಸಿದೆ. ಈಗ ಎತ್ತದೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹೋಗೋ.”

ಒಳಗಿಂದ ಮಿಸ್ ಕೇಳಿದರು: “ಮಿಸ್ಟರ್ ಖೇಮ್‌ರಾಜ್, ತೂಕಕ್ಕೆ ಇನ್ನು ಯಾರಾದರೂ ಉಳಿದಿದ್ದಾರಾ?”

ಖೇಮ್‌ರಾಜ್ ಮರೆಯಾಚೆ ಕತ್ತು ಚಾಚಿ, ಅಂಗಳದ ಉದ್ದಕ್ಕೂ ಕಣ್ಣು ಹಾಯಿಸಿ, ಎರಡು ಸಲ ಕೂಗಿ ಕೇಳಿದ. “ಯಾರೂ ಇಲ್ಲ ಮಿಸ್.” ಮಿಸ್ ಪಟ್ಟಿಯ ಕೆಳಗೆ ಗೆರೆ ಎಳೆದರು.

ಸ್ಪರ್ಧೆ ಹತ್ತಕ್ಕೆ ಶುರುವಾಯಿತು. ಕಾರ್ಡು ನೋಡಿ ಹೆಸರು ಕೂಗುವವನೂ ಖೇಮ್‌ರಾಜನೇ. ಒಬ್ಬೊಬ್ಬರಿಗೆ ಮೂರು ಅವಕಾಶ. ಮಿಸ್ ‘ಇಳಿಸಿ’ ಎಂದ ಮೇಲೆಯೇ ರಾಡನ್ನು ಇಳಿಸಬೇಕು, ಕೈ ಬಿಡದೆ ಇಳಿಸಬೇಕು. ಸರಿಯಿದ್ದರೆ ಮಿಸ್ ಮತ್ತು ಅವರ ಜೊತೆ ಬಂದ ಇಬ್ಬರು ತೀರ್ಪುಗಾರರಿಂದ ಮೂರು ಬಿಳಿ ದೀಪ, ತಪ್ಪಿದರೆ ಕೆಂಪು.

ಆಂಟಿ ಬಂದಾಗ ಜನ ಶಿಳ್ಳೆ ಹಾಕಿದರು. ನಲವತ್ತು ವರ್ಷ ಭತ್ತದ ಮೂಟೆ ಹೊತ್ತು, ಗ್ಯಾಸಿನ ಸಿಲಿಂಡರನ್ನು ಮಹಡಿಗೆ ಒಬ್ಬರೇ ಸಾಗಿಸುತ್ತಿದ್ದ ಹೆಂಗಸು ಎಂಬುದನ್ನು ಶಿಳ್ಳೆ ಹಾಕಿದವರು ಯೋಚಿಸಿರಲಿಲ್ಲ. ಐವತ್ತು ಕಿಲೋ ಎತ್ತಿದರು. ಎಪ್ಪತ್ತು ಎತ್ತಿದರು. ಮೂರನೆಯದಕ್ಕೆ ಎಂಬತ್ತು ಎತ್ತಿ, ನಿಂತು, ಮಿಸ್ ಇಳಿಸಿ ಎಂದ ಮೇಲೆ ತೊಟ್ಟಿಲಿನ ಮಗುವನ್ನು ಮಲಗಿಸುವ ಹಾಗೆ ಸದ್ದಿಲ್ಲದೆ ಇಳಿಸಿದರು. ಮೂರೂ ಬಿಳಿ.

“ನೋಡ್ದೆಯಾ? ಹೀಗೆ ಇಳಿಸ್ಬೇಕು,” ಎಂದು ಖೇಮ್‌ರಾಜನತ್ತ ಬೆರಳು ತೋರಿಸಿದರು.

ಅವನು ನೋಡಿದ್ದ, ಕಲಿತಿರಲಿಲ್ಲ. ನೂರತೊಂಬತ್ತು ಸಲೀಸಾಗಿ ಎತ್ತಿದ. ಎರಡನೆಯದಕ್ಕೆ ಇನ್ನೂರು ಕೇಳಿದ. ಬಗ್ಗಿ ಹಿಡಿದು ಎಳೆದ, ರಾಡು ಮೇಲೆ ಬಂತು. ಆರು ವರ್ಷದ ಆಸೆ ಕೈಗೆ ಸಿಕ್ಕ ಆನಂದದಲ್ಲಿ ಅವನು ಎರಡೂ ಕೈ ಮೇಲೆತ್ತಿ ಜನಕ್ಕೆ ಬೀಸಿದ. ಕೈ ಮೇಲೆ ಹೋದರೆ ರಾಡು ಎಲ್ಲಿಗೆ ಹೋಗಬೇಕು? ನೆಲ ನಡುಗಿತು. ಪಕ್ಕದ ಮನೆಯಲ್ಲಿ ಏನೋ ಬಿದ್ದು ಒಡೆದ ಸದ್ದಾಯಿತು.

ಮೂರು ಕೆಂಪು.

“ನಾಲ್ಕನೇ ಸಲ ಬಿದ್ದ ಹನುಮಂತ,” ಎಂದರು ಆಂಟಿ. ಆದರೂ ಹತ್ತಿರ ಬಂದು, ಹಿಡಿತ ಜಾರದ ಹಾಗೆ ಅವನ ಕೈಗೆ ತಾವೇ ಸೀಮೆಸುಣ್ಣದ ಪುಡಿ ಹಚ್ಚಿ, “ಬಿಡ್ಬೇಡ ಮಗಾ. ಬಿದ್ರೆ ಒಡೆಯುತ್ತೆ ಅಂದ್ಕೊಂಡು ಹಿಡ್ಕೋ,” ಎಂದರು.

ಮೂರನೆಯ ಅವಕಾಶ. ಖೇಮ್‌ರಾಜ್ ರಾಡು ಹಿಡಿದ. ಎಳೆದ. ಮೊಣಕಾಲಿನ ಬಳಿ ಅದು ಹಟ ಹಿಡಿದ ಎತ್ತಿನಂತೆ ನಿಂತಿತು. ಕಂಬಕ್ಕೆ ಒರಗಿದ್ದ ಕಾಂಪ್ಟನ್ ಒರಗುವುದನ್ನು ಬಿಟ್ಟು, “ಬಾ ಬಾ ಬಾ, ಬಂತು ಕಣೋ,” ಎಂದು ಕೂಗತೊಡಗಿದ. ರಾಡು ಬಂತು. ಖೇಮ್‌ರಾಜ್ ನೆಟ್ಟಗೆ ನಿಂತ. ನಿಂತೇ ಇದ್ದ. “ಇಳಿಸಿ,” ಎಂದರು ಮಿಸ್. ಹನುಮಂತನ ಪಟವನ್ನೇ ಇಳಿಸುವವನಂತೆ ಇಳಿಸಿದ.

ಮೂರು ಬಿಳಿ.

ಖೇಮ್‌ರಾಜ್ ಅತ್ತುಬಿಟ್ಟ. ಮಗು ಹುಟ್ಟಿದಾಗಲೂ ಇವರು ಹೀಗೆ ಅತ್ತಿರಲಿಲ್ಲ ಎಂದು ಪರ್ಬತಿ ಪಕ್ಕದವಳಿಗೆ ಹೇಳಿದಳು. ವಾರದ ಹಿಂದೆಯೇ ತಂದು ಮೆಟ್ಟಿಲ ಕೆಳಗೆ ಬಚ್ಚಿಟ್ಟಿದ್ದ ಕೆಂಪು ಬಣ್ಣದ ಡಬ್ಬಿಯನ್ನು ಕಾಂಪ್ಟನ್ನೇ ಹುಡುಕಿ ತಂದು ಮುಚ್ಚಳ ತೆಗೆದ. ಕುಂಚ ಹಿಡಿದು ಖೇಮ್‌ರಾಜ್ ‘ಇನ್ನೂರು ಕಿಲೋ — ಖೇ’ ಎನ್ನುವಷ್ಟು ಬರೆದಿದ್ದ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ಮಿಸ್ ಗ್ರೇವ್‌ಸ್ಯಾಂಡ್ ಒಂದು ಕೈಯಲ್ಲಿ ಕಾರ್ಡುಗಳು, ಇನ್ನೊಂದು ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದರು.

“ನಿಮ್ಮ ಕಾರ್ಡುಗಳು ಹನ್ನೊಂದಿವೆ. ನನ್ನ ಪಟ್ಟಿಯಲ್ಲಿ ಹತ್ತೇ ಜನ. ನಿಮ್ಮನ್ನು ತೂಗಿದ್ದು ಯಾರು?”

“ನಾನೇ ಮಿಸ್. ಎಪ್ಪತ್ತಮೂರು ಪಾಯಿಂಟ್ ಒಂಬತ್ತು.”

“ನಾನು ಆಗ ಎಲ್ಲಿದ್ದೆ?”

“ನೀವು ಇನ್ನೂ ಬಂದಿರ್ಲಿಲ್ಲ.”

“ಯಾರಾದರೂ ಉಳಿದಿದ್ದಾರಾ ಅಂತ ನಾನು ಕೇಳಿದೆ. ಯಾರೂ ಇಲ್ಲ ಅಂತ ಉತ್ತರ ಕೊಟ್ಟಿದ್ದು ಯಾರು?”

ಖೇಮ್‌ರಾಜ್ ಕುಂಚ ಕೆಳಗಿಟ್ಟ. ಓಡಿಹೋಗಿ ಯಂತ್ರ ಹತ್ತಿ ನಿಂತ. ಕುಕ್‌ಅಪ್ ಸಮೇತ ಎಪ್ಪತ್ತೇಳು ತೋರಿಸಿತು.

“ತೂಗಿಸಿಕೊಳ್ಳದವರು ಸ್ಪರ್ಧಿಯಲ್ಲ, ಪ್ರೇಕ್ಷಕರು,” ಎಂದರು ಮಿಸ್. ಅವರ ದನಿಯಲ್ಲೂ ತುಸು ಮರುಕ ಇತ್ತು. “ಒಳ್ಳೆಯ ಲಿಫ್ಟು. ನಾನು ಕಂಡ ಪ್ರೇಕ್ಷಕರಲ್ಲಿ ಯಾರೂ ಇಷ್ಟು ಎತ್ತಿಲ್ಲ.”

“ಹಾಗಾದ್ರೆ ಸ್ಪರ್ಧೆನೇ ಹೋಯ್ತಾ ಮಿಸ್?”

“ಇಲ್ಲ. ಹತ್ತು ಜನ ಆಗಿದ್ದಾರಲ್ಲ. ಆ ತಾಯಿ ಇಲ್ಲದಿದ್ದರೆ ಒಂಬತ್ತಾಗುತ್ತಿತ್ತು.” ಮಿಸ್ ಮೊಹರು ಹಾಕಿದ ಪತ್ರವೊಂದನ್ನು ಆಂಟಿಯ ಕೈಗಿಟ್ಟರು. “ಆ ವಯಸ್ಸಿನ ಹೆಂಗಸರ ಆ ತೂಕದಲ್ಲಿ ನಮ್ಮ ದೇಶದಲ್ಲಿ ಇದುವರೆಗೆ ಯಾರೂ ರಾಡು ಮುಟ್ಟಿರಲಿಲ್ಲ. ಎಂಬತ್ತು ಕಿಲೋ ರಾಷ್ಟ್ರೀಯ ದಾಖಲೆ.”

ಸ್ಪರ್ಧೆಯ ಸುದ್ದಿಗೆಂದು ಬಂದಿದ್ದ ಪತ್ರಿಕೆಯವನು ಫೋಟೋ ತೆಗೆಯಲು ಮುಂದೆ ಬಂದ. ಎದುರಿನಿಂದ ಬೇಡ, ಹಲ್ಲಿಲ್ಲ ಎಂದು ಆಂಟಿ ಬೆನ್ನು ತಿರುಗಿಸಿ ತೋಳು ಮಡಚಿ ನಿಂತರು. ಚಿನ್ನದ ದಾರದ ‘ಖೇಮ್’ ಬಿಸಿಲಿಗೆ ಚೆನ್ನಾಗಿ ಹೊಳೆಯಿತು.

ಆಮೇಲೆ ಆಂಟಿ ಪತ್ರವನ್ನು ಖೇಮ್‌ರಾಜನ ಮೂಗಿನ ಮುಂದೆ ಹಿಡಿದರು. “ಪತ್ರ ತಂದೋರ ಹೆಸರು ಕಂಬಕ್ಕೆ ಅಲ್ವಾ? ಕಾಂಪ್ಟನ್ ಹೇಳ್ದ.”

ಕಾಂಪ್ಟನ್ ಸೀಮೆಎಣ್ಣೆ ಅದ್ದಿದ ಬಟ್ಟೆ ತಂದುಕೊಟ್ಟ. ಖೇಮ್‌ರಾಜ್ ತನ್ನ ಮೊದಲ ಅಕ್ಷರವನ್ನೂ ತನ್ನ ಇನ್ನೂರನ್ನೂ ತಾನೇ ಒರೆಸಿದ. ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ, ಅದೇ ಕುಂಚದಲ್ಲಿ ‘ಎಂಬತ್ತು ಕಿಲೋ — ಧನ್‌ಮತಿ’ ಎಂದು ಬರೆದ.

“ಇನ್ನೂ ಸ್ವಲ್ಪ ದಪ್ಪಗೆ ಬರಿ, ನಮ್ಮನೆ ಕಿಟಕಿಗೆ ಕಾಣೋ ಹಾಗೆ,” ಎಂದರು ಆಂಟಿ. “ಬೇಜಾರು ಮಾಡ್ಕೋಬೇಡ ಮಗಾ. ನೀನು ಎತ್ತಿದ್ದನ್ನ ನಾವೆಲ್ಲ ನೋಡಿದ್ದೀವಿ. ಮುಂದಿನ ವರ್ಷ ಮತ್ತೆ ಇಟ್ಕೋ, ಜನ ಕಮ್ಮಿ ಬಿದ್ರೆ ನಾನಿದ್ದೀನಿ. ಜಿಮ್ಮಿನ ಬೀಗದ ಕೈ ಒಂದು ಕೊಟ್ಟಿರು. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಬರ್ತೀನಿ.”

“ಏಳಕ್ಕೆ ಮುಂಚೆ ಸದ್ದು ಮಾಡ್ಬಾರ್ದು ಅಂತ ನೀವೇ ಮಾತು ತಗೊಂಡಿದ್ರಲ್ಲ ಆಂಟಿ.”

“ಅದು ನೀನು ಕೊಟ್ಟ ಮಾತು. ನಾನೆಲ್ಲಿ ಕೊಟ್ಟೆ?” ಎಂದು ಆಂಟಿ ಕಂಬದ ಈ ಬದಿಗೆ ಒರಗಿದರು. ಆ ಬದಿಗೆ ಕಾಂಪ್ಟನ್ ಆಗಲೇ ಒರಗಿದ್ದ. ಖೇಮ್‌ರಾಜನಿಗೆ ಒರಗಲು ತನ್ನದೇ ಮನೆಯಲ್ಲಿ ಜಾಗ ಉಳಿದಿರಲಿಲ್ಲ. ಅವನು ಕುಂಚ ತೊಳೆಯಲು ನಲ್ಲಿಯತ್ತ ನಡೆದ.