ನಾವು ಕಟ್ಟಿದ ತಂಗುದಾಣ

ಮ್ಯಾನಿಟೋಬಾದ ಕಾಟನ್‌ವುಡ್ ವಿಶ್ವವಿದ್ಯಾಲಯದಲ್ಲಿ ಒಗ್ಗಟ್ಟು ಕಡ್ಡಾಯ. ಒಗ್ಗಟ್ಟಿಲ್ಲದ ವಿದ್ಯಾರ್ಥಿಗೆ ಪದವಿ ಕೊಡತಕ್ಕದ್ದಲ್ಲವೆಂದು ನಿಯಮಾವಳಿಯ ಹದಿನಾಲ್ಕನೆಯ ಕಲಮು ಹೇಳುತ್ತದೆ. ಈ ಕಲಮನ್ನು ಐದು ಜನರ ಸಮಿತಿ ರಚಿಸಿತು. ನಾಲ್ವರು ಸಹಿ ಹಾಕಿದರು, ನಾನು ಬರೆದೆ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿನ ಮೌಲ್ಯಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಶಾಮಣ್ಣ ಎಂಬ ನನ್ನ ಹೆಸರು ಇವರ ಬಾಯಲ್ಲಿ ಶಾಮ್ ಆಗಿ ಬಹಳ ಕಾಲವಾಯಿತು.

ಕಟ್ಟಡ ವಿಭಾಗದ ಎರಡನೆಯ ವರ್ಷದವರು ನಾಲ್ಕು ನಾಲ್ಕು ಜನ ಸೇರಿ ಏನಾದರೊಂದನ್ನು ಕಟ್ಟಬೇಕು. ಕಟ್ಟಿದ್ದಕ್ಕೆ ಇಪ್ಪತ್ತು ಅಂಕ. ಒಟ್ಟಾಗಿ ಕಟ್ಟುವಾಗ ಮನಸ್ಸಿನೊಳಗೆ ಏನೇನಾಯಿತೆಂದು ಒಬ್ಬೊಬ್ಬರೂ ಬರೆದುಕೊಡುವ ಆತ್ಮಾವಲೋಕನಕ್ಕೆ ಎಂಬತ್ತು. ಕಟ್ಟಡ ಬಿದ್ದರೆ ಮತ್ತೆ ಎಬ್ಬಿಸಬಹುದು, ಮನಸ್ಸು ಬಿದ್ದರೆ ಆಗುತ್ತದೆಯೇ ಎಂಬುದು ಈ ಪಾಠದ ಪ್ರೊಫೆಸರ್ ಡಾ. ಲೋರ್ನಾ ಫಿಚ್ ಅವರ ವಾದ. ಅವರು ಈವರೆಗೆ ಏನನ್ನೂ ಕಟ್ಟಿದವರಲ್ಲವಾದ್ದರಿಂದ ಅವರದ್ದು ಏನೂ ಬಿದ್ದಿಲ್ಲ.

ಆತ್ಮಾವಲೋಕನಕ್ಕೆ ಒಂದು ನಿಬಂಧನೆಯಿದೆ. ‘ನಾನು’ ಎಂಬ ಪದ ಒಂದು ಸಲ ಬಂದರೆ ಎರಡು ಅಂಕ ಕಡಿತ. ‘ನಾವು’ ಎಷ್ಟು ಸಲವಾದರೂ ಬರಬಹುದು. ನಮ್ಮ ಭಾಷೆಯಲ್ಲಾದರೆ ‘ಕೊಯ್ದೆ’, ‘ಹೊಡೆದೆ’ ಎಂದು ಬರೆದು ‘ನಾನು’ವನ್ನು ಕ್ರಿಯಾಪದದ ಬಾಲದಲ್ಲಿ ಬಚ್ಚಿಡಬಹುದಿತ್ತು. ಇವರ ಭಾಷೆಯಲ್ಲಿ ಆ ಅನುಕೂಲವಿಲ್ಲ. ಕೆಲಸ ಮಾಡಿದವನು ವಾಕ್ಯದ ಬಾಗಿಲಲ್ಲೇ ನಿಂತು ಸಿಕ್ಕಿಬೀಳುತ್ತಾನೆ.

ಟೆಸ್ಸಾ ಹ್ರಿಚಾಕ್ ಎಂಬ ಹುಡುಗಿ ಹೀಗೆ ಸಿಕ್ಕಿಬಿದ್ದವಳು. ಅವಳು ನಮ್ಮಲ್ಲಿಗೆ ಓದಲು ಬಂದದ್ದೇ ಮೂರನೆಯ ವರ್ಷದ ಮರಗೆಲಸದ ಕಾರ್ಯಶಾಲೆಗಾಗಿ. ಅಲ್ಲಿ ಕಲಿಸುವ ಮುದುಕ ಬಡಗಿ ಮುಂದಿನ ವರ್ಷ ನಿವೃತ್ತನಾಗುತ್ತಿದ್ದ. ಅವನ ಕೊನೆಯ ತರಗತಿಗೆ ಹನ್ನೆರಡೇ ಜಾಗ. ಟೆಸ್ಸಾಳ ಹೆಸರು ಹನ್ನೆರಡನೆಯದು, ಎರಡನೆಯ ವರ್ಷದಲ್ಲಿ ಪಾಸಾದರೆ ಎಂಬ ಷರತ್ತಿನೊಂದಿಗೆ. ಹದಿಮೂರನೆಯ ಹೆಸರು ಕೋಲ್ಟನ್ ಫ್ರೀಸನ್. ಇಬ್ಬರೂ ಒಂದೇ ತಂಡಕ್ಕೆ ಬಿದ್ದರು. ಜೊತೆಗೆ ಮಾರ್ಗೋ ಮತ್ತು ಡ್ವೇನ್ ಎಂಬಿಬ್ಬರು.

ಕೊಟ್ಟ ಕೆಲಸ, ನಮ್ಮ ಗೇಟಿನ ಮುಂದಿನ ಏಳನೇ ನಂಬರಿನ ಬಸ್ ನಿಲ್ದಾಣಕ್ಕೊಂದು ತಂಗುದಾಣ. ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿರುತ್ತದೆ. ನಾನು ದಿನಾ ಅಲ್ಲೇ ನಿಲ್ಲುವವನು.

ಮೊದಲ ಸಭೆ ಕ್ಯಾಂಟೀನಿನಲ್ಲಿ ನಡೆಯಿತು. ನನ್ನ ಮೇಜು ಪಕ್ಕದ್ದೇ ಆದ್ದರಿಂದ ಕೇಳಿಸಿತು.

“ಮರ ಯಾವತ್ತು ತರೋಣ?” ಅಂದಳು ಟೆಸ್ಸಾ.

ಕೋಲ್ಟನ್ ಪೂಟೀನಿನ ತಟ್ಟೆಯಲ್ಲಿ ಗ್ರೇವಿ ಮೆತ್ತಿದ ಆಲೂಗಡ್ಡೆಯನ್ನು ಹುಡುಕುತ್ತ, “ಅವಸರ ಯಾಕೆ ಟೆಸ್? ಮೊದ್ಲು ನಾವು ಒಬ್ಬರನ್ನೊಬ್ಬರು ನಂಬೋದು ಕಲೀಬೇಕು ಕಣೇ,” ಅಂದ.

“ನಂಬ್ತೀನಪ್ಪ. ಮರ ಯಾವತ್ತು?”

“ನೋಡು, ನಿನ್ನ ಮಾತಲ್ಲಿ ಎಷ್ಟು ಒರಟುತನ ಇದೆ!” ಎಂದು ಮಾರ್ಗೋ ನೊಂದುಕೊಂಡಳು. ತಂಡದಲ್ಲಿ ಅವಳು ಭಾವನೆಗಳ ಸಂಚಾಲಕಿ. ಡ್ವೇನ್ ಸಮಯಪಾಲಕ. ಅವನು ಮೂರನೆಯ ಸಭೆಗೆ ಬಂದದ್ದು ನಾಲ್ಕನೆಯ ಸಭೆಯ ದಿನ. ತಂಡಕ್ಕೆ ಹೆಸರಿಡಲು ಮೂರು ವಾರ ಹಿಡಿಯಿತು. ಕೊನೆಗೆ ‘ಹೆಪ್ಪುಗಟ್ಟದ ಹೆಬ್ಬಾತುಗಳು’ ಎಂಬುದು ಸರ್ವಾನುಮತದಿಂದ ಅಂಗೀಕಾರವಾಯಿತು. ಟೆಸ್ಸಾ ಆ ದಿನ ಮರ ತರಲು ಹೋಗಿದ್ದಳು.

ಮುಂದಿನ ಹನ್ನೊಂದು ಶನಿವಾರ ಅವಳು ಒಬ್ಬಳೇ ಕಟ್ಟಿದಳು. ಅಪ್ಪನ ಪಿಕಪ್ಪಿನಲ್ಲಿ ದೇವದಾರು ಹಲಗೆ ಬಂತು. ನಾಲ್ಕು ಗೋಡೆ ಎದ್ದವು. ಒಂದು ಬೆಂಚು, ಬಸ್ಸು ಬರುವ ದಿಕ್ಕಿಗೆ ಒಂದು ಸಣ್ಣ ಕಿಟಕಿ. ಗಾಳಿ ನುಗ್ಗಬಾರದೆಂದು ಬಾಗಿಲನ್ನು ಬೇಕೆಂದೇ ತಗ್ಗಾಗಿ ಇಟ್ಟಳು. ಉಳಿದವರು ಬರಲೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕೋಲ್ಟನ್ ಒಂದು ದಿನ ಕಾಫಿ ಹಿಡಿದು ಬಂದ, ಅವಳ ಸುತ್ತಿಗೆ ಇಸಿದುಕೊಂಡು ಫೋಟೋ ತೆಗೆಸಿಕೊಂಡ, ಕಾಫಿ ಕುಡಿದುಕೊಂಡು ಹೋದ.

ತಂಗುದಾಣ ಮುಗಿದ ದಿನ ತಲೆ ತಗ್ಗಿಸಿ ಒಳಗೆ ಹೋಗಿ ಕೂತೆ. ಹತ್ತೊಂಬತ್ತು ಚಳಿಗಾಲಗಳಲ್ಲಿ ಮೊದಲ ಸಲ ಬಸ್ಸು ಕಾಯುವಾಗ ನನ್ನ ರೆಪ್ಪೆ ಹೆಪ್ಪುಗಟ್ಟಲಿಲ್ಲ. ಯಾರಾದರೂ ನನಗಾಗಿ ಏನಾದರೂ ಮಾಡಿ ಎಷ್ಟು ಕಾಲವಾಯಿತೋ ಅನ್ನಿಸಿ, ಸುಳ್ಳೇಕೆ ಹೇಳಲಿ, ಬಂದ ಬಸ್ಸನ್ನು ಬಿಟ್ಟು ಇನ್ನೊಂದಕ್ಕೆ ಕಾದೆ.

ನಂತರ ಆತ್ಮಾವಲೋಕನಗಳು ನನ್ನ ಮೇಜಿಗೆ ಬಂದವು. “ಸುತ್ತಿಗೆಯ ಪ್ರತಿ ಪೆಟ್ಟಿನಲ್ಲೂ ನಾವು ಒಬ್ಬರ ಎದೆಬಡಿತವನ್ನು ಒಬ್ಬರು ಕೇಳಿಸಿಕೊಂಡೆವು,” ಎಂದು ಕೋಲ್ಟನ್ ಒಂಬತ್ತು ಪುಟ ಬರೆದಿದ್ದ. ಎಂಬತ್ತಕ್ಕೆ ಎಪ್ಪತ್ತೆಂಟು. ಡ್ವೇನ್, ತಾನು ಬಾರದೆ ಇದ್ದದ್ದರಿಂದ ಇತರರಿಗೆ ದೊರೆತ ಅವಕಾಶಗಳ ಬಗ್ಗೆ ಬರೆದು, ಮಾರ್ಗೋಳಂತೆಯೇ ಕೊನೆಗೆ ‘ನಾವು ಕಟ್ಟಿದೆವು’ ಎಂದು ಮುಗಿಸಿದ್ದ. ಎಪ್ಪತ್ತೈದು. ಟೆಸ್ಸಾಳದ್ದು ಒಂದೇ ಪುಟ. “ನಾನು ಮರ ತಂದೆ. ನಾನು ಅಳತೆ ಹಾಕಿದೆ. ನಾನು ಕೊಯ್ದೆ. ನಾನು ಉಳಿದ ಮೂವರಿಗಾಗಿ ಕಾದೆ. ನಾನು ಒಬ್ಬಳೇ ಚಾವಣಿ ಎತ್ತಿದೆ.” ಹೀಗೇ ಮೂವತ್ತನಾಲ್ಕು ‘ನಾನು’. ಅರವತ್ತೆಂಟು ಅಂಕ ಕಡಿತವಾಗಿ ಹನ್ನೆರಡು ಉಳಿಯಿತು. ತಂಗುದಾಣಕ್ಕೆ ಇಡೀ ತಂಡಕ್ಕೆ ಬಂದ ಇಪ್ಪತ್ತಕ್ಕೆ ಇಪ್ಪತ್ತನ್ನು ಸೇರಿಸಿದರೆ ಮೂವತ್ತೆರಡು. ಪಾಸಾಗಲು ಐವತ್ತು ಬೇಕು. ನಾನು ಎರಡೆರಡು ಸಲ ಎಣಿಸಿದೆ. ಎಣಿಕೆಯಲ್ಲಿ ತಪ್ಪಿರಲಿಲ್ಲ.

ಅವಳು ಮೇಲ್ಮನವಿ ಹಾಕಿದಳು. ಐದು ಜನರ ಸಮಿತಿ ಕೂತಿತು. ಡೀನ್ ಗಾರ್ತ್ ಮೆಕಿನ್ನನ್ ಅಧ್ಯಕ್ಷರು, ಡಾ. ಫಿಚ್ ಮತ್ತು ನಾನು ಸದಸ್ಯರು. ಮಿಕ್ಕ ಇಬ್ಬರ ಸಹಿ ಮೊದಲೇ ಬಂದಿತ್ತು.

“ನೋಡಮ್ಮ, ‘ನಾನು’ ಇರೋ ಕಡೆಯೆಲ್ಲ ‘ನಾವು’ ಅಂತ ಮಾಡಿಬಿಡು. ಇಷ್ಟೇ ತಾನೆ?” ಅಂದರು ಡೀನ್.

“ಅದು ಸುಳ್ಳಲ್ವಾ?”

“ಛೆ ಛೆ, ಸುಳ್ಳು ಮಾತ್ರ ಬರೀಬೇಡ. ಸುಳ್ಳು ಬರೆದೋರನ್ನ ಹೊರಗೆ ಹಾಕ್ತೀವಿ. ಮೂರನೇ ಕಲಮು.”

“ಹಾಗಾದ್ರೆ ಅವರು ಮೂರೂ ಜನ ‘ನಾವು ಕಟ್ಟಿದ್ವಿ’ ಅಂತ ಬರೆದಿದ್ದಾರಲ್ಲ!”

ಡಾ. ಫಿಚ್ ಕನ್ನಡಕ ತೆಗೆದರು. “ಕಟ್ಟಿದ್ದು ಯಾರು?”

“ನಾನು.”

“ನೀನು ಯಾವ ತಂಡ?”

“ಇದೇ ತಂಡ.”

“ಅಂದ್ಮೇಲೆ ಕಟ್ಟಿದ್ದು ಈ ತಂಡವೇ ಆಯ್ತಲ್ಲಮ್ಮ. ಅವರು ಬರೆದಿದ್ದು ನಿಜ.”

“ಸರಿ, ಹಾಗಾದ್ರೆ ನಾನು ‘ನಾವು’ ಅಂತ ಬರೆದ್ರೂ ನಿಜ ಆಗ್ಬೇಕಲ್ವಾ?”

“ಅದು ಹೇಗಾಗತ್ತೆ? ಯಾರು ಕಟ್ಟಿದ್ರು ಅಂತ ನಿಂಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಅವರು ಅಲ್ಲಿ ಇರಲೇ ಇಲ್ಲ.”

ಡೀನ್ ತಲೆದೂಗಿದರು. ಟೆಸ್ಸಾ ನನ್ನ ಕಡೆ ನೋಡಿದಳು. ನಾನು ನಡಾವಳಿ ಬರೆದುಕೊಳ್ಳುತ್ತಿದ್ದೆ.

ಆಮೇಲೆ ತಂಡದವರನ್ನು ಕರೆಸಲಾಯಿತು. ತಮಗೆ ಕೆಲಸ ಮಾಡುವ ಅವಕಾಶವನ್ನೇ ಟೆಸ್ಸಾ ಕಸಿದುಕೊಂಡಳೆಂದೂ, ಪ್ರತಿ ಶನಿವಾರ ತಾವು ಏಳುವಷ್ಟರಲ್ಲಿ ಅವಳು ಅರ್ಧ ಗೋಡೆ ಎಬ್ಬಿಸಿರುತ್ತಿದ್ದಳೆಂದೂ ಹೇಳಿ ಮಾರ್ಗೋ ಕಣ್ಣೊರೆಸಿಕೊಂಡಳು. ಕೋಲ್ಟನ್ ದೊಡ್ಡ ಮನಸ್ಸಿನವನು. ಎದ್ದು ಬಂದು ಟೆಸ್ಸಾಳ ಹೆಗಲ ಮೇಲೆ ಕೈಯಿಟ್ಟು, “ನಾವೇನೂ ಬೇಜಾರು ಇಟ್ಕೊಂಡಿಲ್ಲ ಟೆಸ್. ನಿನ್ನನ್ನ ಕ್ಷಮಿಸಿದ್ದೀವಿ,” ಅಂದ.

“ಕೈ ತೆಗಿಯೋ,” ಅಂದಳು ಅವಳು. ಅದೂ ನಡಾವಳಿಗೆ ಸೇರಿತು.

ಸಮಿತಿಯ ತೀರ್ಪು ಹೀಗಿತ್ತು:

“ಸದರಿ ವಿದ್ಯಾರ್ಥಿನಿಯು ಸದರಿ ಪಾಠವನ್ನು ಮುಂದಿನ ವರ್ಷ ಪುನಃ ತೆಗೆದುಕೊಳ್ಳತಕ್ಕದ್ದು. ಕಾರ್ಯಶಾಲೆಯಲ್ಲಿ ತೆರವಾದ ಜಾಗವನ್ನು ಪಟ್ಟಿಯಲ್ಲಿನ ಮುಂದಿನ ಅಭ್ಯರ್ಥಿಗೆ ಕೊಡತಕ್ಕದ್ದು. ತಂಗುದಾಣವನ್ನು ಒಬ್ಬ ವ್ಯಕ್ತಿಯು ಕಟ್ಟಿರುವುದು ಸದರಿ ವಿದ್ಯಾರ್ಥಿನಿಯ ಲಿಖಿತ ಹೇಳಿಕೆಯಿಂದಲೇ ಮೂವತ್ತನಾಲ್ಕು ಬಾರಿ ಸಾಬೀತಾಗಿದ್ದು, ಆವರಣದಲ್ಲಿ ತಂಡಗಳು ಕಟ್ಟಿದ್ದಕ್ಕೆ ಮಾತ್ರ ಅನುಮತಿಯಿರುವುದರಿಂದ, ಅದನ್ನು ಕೂಡಲೇ ಕೆಡವತಕ್ಕದ್ದು. ಉಳಿದ ಮೂವರ ಅಂಕಗಳಿಗೆ ಇದರಿಂದ ಬಾಧಕವಿಲ್ಲ.”

ಭಾಷೆ ಚೆನ್ನಾಗಿದೆಯೆಂದು ಡೀನ್ ನನ್ನ ಬೆನ್ನು ತಟ್ಟಿದರು.

ಕೆಡವಲು ಆರು ಜನ ಬಂದರು. ಒಬ್ಬ ಏಣಿ ಹಿಡಿದ, ಇಬ್ಬರು ಚಾವಣಿ ಇಳಿಸಿದರು, ಮೂವರು ಹಲಗೆ ಸಾಗಿಸಿದರು. ಒಬ್ಬನೂ ಸುಮ್ಮನೆ ನಿಲ್ಲಲಿಲ್ಲ. ಈ ವಿಶ್ವವಿದ್ಯಾಲಯದಲ್ಲಿ ಜನ ನಿಜಕ್ಕೂ ಒಟ್ಟಾಗಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಟೆಸ್ಸಾ ರಸ್ತೆಯಾಚೆ ನಿಂತು ಪೂರ್ತಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, “ತೀರ್ಪು ನೀವೇ ಬರೆದಿದ್ದಂತೆ, ಹೌದಾ ಶಾಮ್?” ಅಂದಳು.

“ನಾವು ಬರೆದ್ವಿ,” ಅಂದೆ.

ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಏನೋ ಹೊಸ ಪಾಠ ಅರ್ಥವಾದವಳಂತೆ “ಓ!” ಅಂದು ಹೋದಳು.

ಮರುವರ್ಷ ಅವಳಿಗೆ ಹೊಸ ತಂಡ, ಅದೇ ಕೆಲಸ. ಕ್ಯಾಂಟೀನಿನಲ್ಲಿ ಹೊಸ ಹುಡುಗನೊಬ್ಬ, “ಮರ ಯಾವತ್ತು ತರೋಣ?” ಅಂದ. ಟೆಸ್ಸಾ ಪೂಟೀನಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, “ಅವಸರ ಯಾಕಪ್ಪ? ಮೊದ್ಲು ತಂಡಕ್ಕೊಂದು ಹೆಸರಿಡೋಣ,” ಅಂದಳು.

ಆ ವರ್ಷ ಏನೂ ಕಟ್ಟಲಾಗಲಿಲ್ಲ. ಟೆಸ್ಸಾಳ ಆತ್ಮಾವಲೋಕನ ಇಪ್ಪತ್ತಮೂರು ಪುಟವಿತ್ತು. ‘ನಾನು’ ಹುಡುಕಿದರೂ ಸಿಗಲಿಲ್ಲ. ಎಂಬತ್ತಕ್ಕೆ ಎಂಬತ್ತು ಬಂತು. ಅದನ್ನು ಓದಿ ಡಾ. ಫಿಚ್ ಅತ್ತರೆಂದು ಕೇಳಿದೆ. ಇಷ್ಟೊಂದು ಒಗ್ಗಟ್ಟಿನಿಂದ ಕಟ್ಟಿದ್ದನ್ನು ಕಟ್ಟಿಲ್ಲವೆನ್ನಲು ಬರುವುದಿಲ್ಲ ಎಂದು ಸಮಿತಿ ಅಭಿಪ್ರಾಯಪಟ್ಟು, ತಂಗುದಾಣಕ್ಕೂ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿತು. ಅದನ್ನೂ ನಾನೇ ಬರೆದೆ. ಅಷ್ಟರಲ್ಲಿ ಮುದುಕ ಬಡಗಿ ಉಳಿ ಸುತ್ತಿಗೆ ಕಟ್ಟಿಕೊಂಡು ಊರಿಗೆ ಹೋಗಿಯಾಗಿತ್ತು. ಅವನ ಕೊನೆಯ ತರಗತಿಯಲ್ಲಿ ಕೋಲ್ಟನ್ ಒಂದು ಕುರ್ಚಿಯ ಬಗ್ಗೆ ನಲವತ್ತು ಪುಟ ಬರೆದನಂತೆ.

ಡೀನ್ ಜನವರಿಯಲ್ಲಿ ನಿಲ್ದಾಣದ ಬಳಿ ಒಂದು ಕಂಬ ನೆಡಿಸಿ, ಅದರ ಮೇಲಿನ ಫಲಕವನ್ನು ಉದ್ಘಾಟಿಸಿದರು: “ಈ ತಂಗುದಾಣವನ್ನು ನಾವು ಕಟ್ಟಿದೆವು.” ಎಲ್ಲರೂ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ಸದ್ದು ಬರಲಿಲ್ಲ.

ಅವತ್ತು ಸಂಜೆ ಬಸ್ಸಿಗೆ ಬಂದಾಗ ಟೆಸ್ಸಾ ಆ ಫಲಕದ ಕೆಳಗೆ ನಿಂತಿದ್ದಳು. ಕಂಬದ ಸುತ್ತ ಬರೀ ಹಿಮ, ಗಾಳಿ ಬೀಸುತ್ತಿತ್ತು. ನನ್ನ ರೆಪ್ಪೆ ಆಗಲೇ ಅಂಟಿಕೊಳ್ಳುತ್ತಿತ್ತು.

“ಹೊರಗೆ ಯಾಕೆ ನಿಂತಿದ್ದೀರಿ ಶಾಮ್? ಒಳಗೆ ಬನ್ನಿ,” ಅಂದಳು. ಮುಖದಲ್ಲಿ ನಗುವಿರಲಿಲ್ಲ. “ಇಲ್ಲಿ ಬೆಚ್ಚಗಿದೆ.”

ನಾನು ಸುತ್ತ ನೋಡಿದೆ. ಬಸ್ಸಿಗೆ ಕಾಯುವ ಉಳಿದವರು ಆಗಲೇ ಒಳಗೆ ಹೋಗಿ ಒತ್ತೊತ್ತಾಗಿ ನಿಂತಿದ್ದರು. ಡಾ. ಫಿಚ್ ನನಗೆ ಬೆಂಚಿನಲ್ಲಿ ಜಾಗ ಬಿಡಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಬಾಗಿಲು ತಗ್ಗಾಗಿದೆಯೆಂದು ನೆನಪಿತ್ತು. ತಲೆ ತಗ್ಗಿಸಿ ಒಳಗೆ ಹೋದೆ.